ಒಂದೇ ಗುಂಡಿ

ಬಟ್ಟೆ ಒಣಹಾಕುವ ಕಬ್ಬಿಣದ ಕೊಡೆ ತುಕ್ಕು ಹಿಡಿದು ವಾಲಿತ್ತು.
ಕಿತ್ತು ಹಾಕಿದೆವು, ಕಾಂಕ್ರೀಟಿನ ಬುಡ ಸಮೇತ.
ಉಳಿದದ್ದು ಮೊಣಕಾಲುದ್ದದ ಗುಂಡಿ,
ಟೂವೂಂಬದ ಕೆಂಪು ಮಣ್ಣು,
ಮತ್ತು ಒಂದು ಜಗಳ.

ನನ್ನದು ದೇವಗಣಗಿಲೆ.
ದುಡ್ಡು ಕೊಟ್ಟು ತಂದದ್ದಲ್ಲ. ಮೂರನೇ ಮನೆಯ ಬೆರಿಲ್
ಆಗಸ್ಟಿನ ಗಾಳಿಗೆ ಮುರಿದ ಕೊಂಬೆಯನ್ನು ಬೇಲಿ ದಾಟಿಸಿ,
"ಎರಡು ವಾರ ನೆರಳಲ್ಲಿಡು, ಗಾಯ ಮಾಯಲಿ,
ಅವಸರಪಟ್ಟು ನೆಟ್ಟರೆ ಕೊಳೆಯುತ್ತದೆ" ಅಂದಿದ್ದಳು.
ನೋಡಿದರೆ ಮರವೇ ಅಲ್ಲ, ಗಿಡ್ಡ ಒನಕೆ.
ಮುರಿದ ಕಡೆ ಹಾಲು ಹೆಪ್ಪುಗಟ್ಟಿ ಬಿಳಿಯ ಕಲೆ.

ನೀಲಾಂಬಿಕೆಯದು ಕಮೀಲಿಯ.
ನರ್ಸರಿಯದು, ಮೂವತ್ತೆಂಟು ಡಾಲರ್, ಕತ್ತಿಗೊಂದು ಚೀಟಿ:
ನಿತ್ಯಹಸಿರು. ಅರೆನೆರಳು. ಹುಳಿಮಣ್ಣು. ಮಂಜಿಗೆ ಅಂಜದು.
ಒಂದೊಂದು ಎಲೆಯೂ ಎಣ್ಣೆ ಹಚ್ಚಿ ಒರೆಸಿದ ಹಾಗೆ.
ಚಹಾ ಗಿಡದ ದಾಯಾದಿಯಂತೆ.
ದಾಯಾದಿ ಅಂದಮೇಲೆ ಲೋಟಕ್ಕೆ ಬರುವುದಿಲ್ಲ ಬಿಡಿ.

ಗುಂಡಿಯ ಆಚೆ ಅವಳು, ಈಚೆ ನಾನು.
ಸಂಬಂಧ ಕುದುರಿಸುವವರ ಹಾಗೆ ಶುರುವಾಯಿತು.

ನಿನ್ನದು ಮೇ ತಿಂಗಳಿಗೇ ಬೋಳು,
ಪಕ್ಕದವರ ಬಚ್ಚಲ ಕಿಟಕಿಗೆ ಏನು ಮರೆ?

ಬೋಳಾದರೇ ಒಳ್ಳೆಯದು. ಇಲ್ಲಿ ಸೂರ್ಯ ಉತ್ತರಕ್ಕೆ ವಾಲುತ್ತಾನೆ,
ಚಳಿಗೆ ಅಡುಗೆಮನೆಯ ತನಕ ಬಿಸಿಲು, ಜನವರಿಗೆ ನೆರಳು.
ಯಾರೂ ಹೇಳಿಕೊಡದೆ ಕಲಿತ ಮರ ಅದು.

ಜುಲೈಯಲ್ಲಿ ಒಂದೇ ರಾತ್ರಿ ಮಂಜು ಹೆಪ್ಪುಗಟ್ಟಲಿ,
ತುದಿಯೆಲ್ಲ ಕಪ್ಪು, ಕೊಳೆತ ಬಾಳೆಹಣ್ಣು.

ನಿನ್ನ ಹೂವಿಗೆ ವಾಸನೆಯಿಲ್ಲ.
ಮುಡಿದರೆ ಕಾಗದ ಮುಡಿದ ಹಾಗೆ.

ನಿನ್ನದನ್ನು ಮುಡಿಯುವವರು ಯಾರು?
ನಮ್ಮ ಕಡೆ ಅದು ಗೋರಿಗಳ ಪಕ್ಕದ ಮರ.

ಗೋರಿಯೊಳಗಿರುವವರು ದೂರು ಹೇಳಿದ್ದುಂಟೆ, ಎಂದೆ.
ಅವಳು ನಗಲಿಲ್ಲ.

ಎಲೆ ಉದುರಿಸುವುದು ಅಷ್ಟು ದೊಡ್ಡ ತಪ್ಪೇ?

ಗುಂಡಿಯ ಅಂಚಿನ ಹೆಂಟೆಯನ್ನು ಕಾಲಲ್ಲಿ ಒತ್ತಿ ಪುಡಿಮಾಡುತ್ತ
ಮರದ ಮಾತನ್ನೇ ಆಡುತ್ತಿರುವವಳಂತೆ ಹೇಳಿದಳು:
ಪ್ರತಿ ಚಳಿಗೆ ಮೂರು ತಿಂಗಳು ನೀನು
ಕಿಟಕಿಯ ಕುರ್ಚಿಯಲ್ಲಿ ಕೋಲಾಗಿ ಕೂರುತ್ತೀಯ.
ಬೆರಿಲ್ ವಿಚಾರಿಸುತ್ತಾಳೆ. ಡಾಕ್ಟರು ವಿಚಾರಿಸುತ್ತಾರೆ.
ಆಸ್ಪತ್ರೆಯ ಲಾಂಡ್ರಿಯಲ್ಲಿ ನಿನ್ನ ಜೊತೆ ಹಾಸು ಮಡಿಸುವ
ಆ ಟೋಂಗಾದ ಹುಡುಗ ಟೇವಿಟ ಕೂಡ ಭಾನುವಾರ ಭಾನುವಾರ
ಫೋನು ಮಾಡುತ್ತಾನೆ, ಚಿಗುರಿದನಾ ಎಂದು.
ಹಸಿರಾಗಿರುವವರನ್ನು ಯಾರು ಕೇಳುತ್ತಾರೆ ಹೇಳು.
ನೀರು ಹಾಕುವುದಕ್ಕೂ ಮರೆಯುತ್ತಾರೆ.

ಏನೂ ತೋಚದೆ
ಅವಳ ಕುಂಡವನ್ನು ಬೋರಲು ಹಾಕಿ ತಟ್ಟಿದೆ.
ಮಣ್ಣು ಉದುರಲಿಲ್ಲ.
ಬೇರು, ಬರೀ ಬೇರು,
ಕುಂಡದ ಗೋಡೆಗೇ ಸುತ್ತಿ, ಸುತ್ತಿದ್ದರ ಮೇಲೆ ಸುತ್ತಿ,
ಹೊರಗೆ ದಾರಿಯಿಲ್ಲದೆ ತನ್ನ ಕುತ್ತಿಗೆಗೇ ಬಂದ ಬೇರು.
ಎಷ್ಟು ವರ್ಷ ಇದರಲ್ಲೇ ಇತ್ತೋ.
ಮೇಲೆ ಒಂದು ಎಲೆಯೂ ಬಾಡಿರಲಿಲ್ಲ.

ನೀಲಾ ಬ್ರೆಡ್ಡು ಕೊಯ್ಯುವ ಚಾಕು ತಂದಳು.
ಬಿಡಿಸಲು ಬರುವಂತಿರಲಿಲ್ಲ, ಕೊಯ್ಯಲೇಬೇಕಿತ್ತು.
ನಾನು ಹಿಡಿದುಕೊಂಡೆ.
ನಾಲ್ಕು ಕಡೆ ಅವಳೇ ಸೀಳಿದಳು, ಬೇಕಾದ್ದಕ್ಕಿಂತ
ಸ್ವಲ್ಪ ಹೆಚ್ಚೇ ಒತ್ತಿ.

ಗುಂಡಿ ಅದಕ್ಕೇ ಹೋಯಿತು. ಮಾತೇನೂ ಆಗಲಿಲ್ಲ.

ಒನಕೆಯನ್ನು ಶೆಡ್ಡಿನ ಗೋಡೆಗೆ ಒರಗಿಸಿ ಮರೆತಿದ್ದೆ.
ಎರಡು ವಾರ ಏಳಾಯಿತು.
ಇವತ್ತು ಪೊರಕೆ ತೆಗೆಯಲು ಹೋದರೆ
ಮಣ್ಣಿಲ್ಲ, ನೀರಿಲ್ಲ, ಹೇಳುವವರಿಲ್ಲ ಕೇಳುವವರಿಲ್ಲ,
ತುದಿಯಲ್ಲಿ ಕಿರುಬೆರಳ ಉಗುರಿನಷ್ಟು ಹಸಿರು.

ಕೂಗಿ ಕರೆಯಬೇಕೆನಿಸಿತು. ಕರೆಯಲಿಲ್ಲ.
ಮೊದಲು ಬಕೆಟ್ಟು ತುಂಬಿಸಿಕೊಂಡು
ಕಮೀಲಿಯದ ಬುಡಕ್ಕೆ ಹೋದೆ.
ಎಲೆಗಳು ಎಂದಿನಂತೆ ಹೊಳೆಯುತ್ತಿದ್ದವು.
ಬೆರಳಿನಿಂದ ಮಣ್ಣು ಕೆದಕಿ ನೋಡಿದೆ:
ಒಂದು ಗೇಣು ಆಳದ ತನಕ ಒಣಗಿತ್ತು.